ಹಳೆಯ ವಸ್ತ್ರವೂ ದಾನವೇ?

ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸುಗಳೊಡನೆ ದಾನವನ್ನೂ ಶ್ರಾವಕನ ಷಟ್ಕರ್ಮಗಳಲ್ಲಿ ಎಣಿಸುವುದು ನಮಗೆ ಬಾಲ್ಯದಿಂದಲೇ ಬಾಯಿಪಾಠವಾಗಿ ಬಂದಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಹೆಸರನ್ನು ನಮ್ಮ ಮಕ್ಕಳೂ ತಡವರಿಸದೆ ಹೇಳಬಲ್ಲರು. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಯುವಕ ಯುವತಿಯರು ಟ್ರಸ್ಟಿನ ಸಭೆಗಳಲ್ಲಿ ಎತ್ತುತ್ತಿರುವ ಒಂದು ಪ್ರಶ್ನೆ ಈ ಬಾಯಿಪಾಠದೊಳಗೆ ಸುಲಭವಾಗಿ ಅಡಗುವಂಥದಲ್ಲ. ಬಸದಿಗೆ ಸೇರಿದ ಒಂದು ಕೋಣೆಯಲ್ಲಿ ಅಕ್ಕಿ, ಬೇಳೆ, ಎಣ್ಣೆಗಳನ್ನು ಸಂಗ್ರಹಿಸಿಟ್ಟು ಅಗತ್ಯವುಳ್ಳವರಿಗೆ ಕೊಡುವ ಭಂಡಾರವೊಂದನ್ನು, ಅದರ ಪಕ್ಕದಲ್ಲೇ ಮನೆಮನೆಗಳಿಂದ ಬಂದ ಬಳಸಿದ ಬಟ್ಟೆ, ಪಾತ್ರೆ, ಪುಸ್ತಕಗಳ ಅಂಗಡಿಯೊಂದನ್ನು ತೆರೆಯೋಣವೆ ಎಂಬುದು ಅವರ ಕೋರಿಕೆ. ಹಿರಿಯರಲ್ಲಿ ಕೆಲವರು ತಲೆದೂಗುತ್ತಾರೆ, ಕೆಲವರು ಸುಮ್ಮನಿರುತ್ತಾರೆ, ಒಬ್ಬಿಬ್ಬರು ಮಾತ್ರ ಮನಸ್ಸಿನಲ್ಲಿರುವುದನ್ನು ಕೇಳಿಬಿಡುತ್ತಾರೆ: ‘ಬಿಸಾಡುವ ಬಟ್ಟೆಯನ್ನು ಕೊಡುವುದು ದಾನವೇ? ಇನ್ನೊಬ್ಬರ ವಸ್ತುವನ್ನು ಹಂಚುವವನು ದಾನಿಯೇ? ಯಾರು ಬಂದರೂ ಕೊಡಬೇಕೆ?’

ಈ ಮೂರೂ ಪ್ರಶ್ನೆಗಳು ಪ್ರಾಮಾಣಿಕವಾದವು. ಕೇಳಿದವರನ್ನು ಹಳೆಯ ಕಾಲದವರೆಂದು ಬದಿಗೆ ಸರಿಸುವುದು ಸರಿಯಲ್ಲ. ಆಗಮವನ್ನು ಮುಂದಿಟ್ಟುಕೊಂಡೇ ಉತ್ತರಿಸಲು ಯತ್ನಿಸುವುದು ಯೋಗ್ಯ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನವನ್ನು ನಿರೂಪಿಸುವಾಗ ಎರಡು ಅಂಶಗಳನ್ನು ಸೇರಿಸಿದ್ದಾರೆ. ಕೊಡುವ ವಸ್ತು ತನ್ನದಾಗಿರಬೇಕು. ಕೊಡುವುದರ ಗುರಿ ಅನುಗ್ರಹವಾಗಿರಬೇಕು. ಈ ಅನುಗ್ರಹವು ತನಗೂ ಪರರಿಗೂ ಆಗುವ ಉಪಕಾರವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಿಡಿಸಿ ಹೇಳುತ್ತಾರೆ. ಅದೇ ಅಧ್ಯಾಯದಲ್ಲಿ ಪರಿಗ್ರಹವನ್ನು ಮೂರ್ಛೆಯೆಂದು, ಅಂದರೆ ವಸ್ತುವಿನ ಮೇಲಣ ಮಮತೆಯೆಂದು ಕರೆಯಲಾಗಿದೆ. ಇವೆರಡನ್ನೂ ಜೊತೆಗಿಟ್ಟು ನೋಡಿದರೆ ಹಳೆಯ ಬಟ್ಟೆಯ ಪ್ರಶ್ನೆ ಕೊಂಚ ಮುಜುಗರ ತರುವ ರೂಪವನ್ನು ತಾಳುತ್ತದೆ. ಮೂರು ವರ್ಷಗಳಿಂದ ಕಪಾಟಿನ ತಳದಲ್ಲಿ ಬಿದ್ದಿರುವ ಅಂಗಿಯ ಮೇಲೆ ನನಗೆ ಮಮತೆಯೇ ಉಳಿದಿಲ್ಲ. ಮಮತೆಯಿಲ್ಲದ್ದು ಅರ್ಥದೃಷ್ಟಿಯಿಂದ ಆಗಲೇ ನನ್ನ ಪರಿಗ್ರಹದ ಹೊರಗಿದೆ. ಅದನ್ನು ಕೊಟ್ಟಾಗ ನಾನು ಬಿಟ್ಟದ್ದೇನು? ಕಪಾಟಿನಲ್ಲಿ ಜಾಗವಾಯಿತು, ಹೊಸದೊಂದನ್ನು ಕೊಳ್ಳಲು ಮನಸ್ಸಿಗೆ ಅನುಮತಿಯೂ ಸಿಕ್ಕಿತು. ಹೀಗೆ ಕೊಡುವುದರಿಂದ ಪರಿಗ್ರಹ ಇಳಿಯುವುದಕ್ಕೆ ಬದಲು ಏರುವ ಸಂಭವವೇ ಹೆಚ್ಚು. ಹಬ್ಬದ ಮುಂದೆ ಮೂಟೆ ಮೂಟೆ ಹಳೆಬಟ್ಟೆ ಹೊರಗೆ ಹೋಗಿ, ಅಷ್ಟೇ ಹೊಸಬಟ್ಟೆ ಒಳಗೆ ಬರುವ ಮನೆಗಳನ್ನು ನಾವೆಲ್ಲರೂ ಕಂಡಿದ್ದೇವೆ.

ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಇಲ್ಲಿ ನೆನೆಯಬಹುದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಆಕೆ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಓಲೆಗರಿಯ ಮೇಲೆ ಕಂಠದಿಂದ ಒಂದೊಂದೇ ಅಕ್ಷರ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಹೊಸ ಪ್ರತಿಗಳು! ತನ್ನ ಭಂಡಾರದಲ್ಲಿ ಹುಳು ತಿಂದ ಓಲೆಗಳನ್ನು ಆರಿಸಿ ಕೊಟ್ಟಿದ್ದರೆ ಆಕೆಯ ಹೆಸರನ್ನು ನಾವಿಂದು ಹೇಳುತ್ತಿರಲಿಲ್ಲ.

ಹಾಗಾದರೆ ಹಳೆಯ ಬಟ್ಟೆಯನ್ನು ಕೊಡಬಾರದೆಂದು ತೀರ್ಮಾನವೇ? ಅಷ್ಟು ಬೇಗ ಬೇಡ. ಪಡೆಯುವವನ ಕಡೆಯಿಂದಲೂ ಒಮ್ಮೆ ನೋಡಬೇಕು. ಅದಕ್ಕೆ ನಮ್ಮ ಕರಾವಳಿಯ ಒಂದು ಊರನ್ನೇ ತೆಗೆದುಕೊಳ್ಳೋಣ.

ಕುಂದಾಪುರದಿಂದ ಉತ್ತರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗಿದರೆ ಗಂಗೊಳ್ಳಿಯ ಕಡೆಗೆ ದಾರಿ ಒಡೆಯುವಲ್ಲಿ ತ್ರಾಸಿ ಸಿಗುತ್ತದೆ. ಅದರ ಮುಂದೆಯೇ ಮರವಂತೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ, ನಡುವೆ ರಸ್ತೆ. ಪ್ರವಾಸಿಗರು ವಾಹನ ನಿಲ್ಲಿಸಿ ಚಿತ್ರ ತೆಗೆದುಕೊಳ್ಳುವ ಸ್ಥಳವಿದು. ಬಾರಕೂರು, ಹಟ್ಟಿಯಂಗಡಿಗಳಲ್ಲಿ ಜಿನಧರ್ಮದ ಕುರುಹುಗಳನ್ನು ಇಂದಿಗೂ ಉಳಿಸಿಕೊಂಡಿರುವ ನಾಡು ಇದು. ಆದರೆ ಇಂದು ಇಲ್ಲಿ ನಮ್ಮ ಮನೆಗಳು ವಿರಳ; ಕಡಲಂಚಿನಲ್ಲಿರುವವರು ಹೆಚ್ಚಾಗಿ ಮೀನುಗಾರ ಕುಟುಂಬಗಳು. ಜೂನ್ ತಿಂಗಳ ಮೊದಲ ದಿನದಿಂದ ಜುಲೈ ಕೊನೆಯವರೆಗೆ, 61 ದಿನಗಳ ಕಾಲ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಲೆಗಳು ದಡ ಸೇರುತ್ತವೆ. ದೋಣಿಯ ಯಜಮಾನನಿಗೆ ಇದು ದುರಸ್ತಿಯ ಕಾಲ. ದಿನಗೂಲಿಯವನಿಗೂ ಮೀನುಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಹೆಂಗಸಿಗೂ ಇದು ಸಂಪಾದನೆ ನಿಲ್ಲುವ ಕಾಲ. ಕುಂದಾಪುರದ ಕಡೆಯ ಮಾತಿನಲ್ಲಿ ‘ಆಸಾಡಿ’ ಎಂದರೆ ಹಿಂದಿನವರಿಗೆ ಒಂದು ತಿಂಗಳ ಹೆಸರಷ್ಟೇ ಆಗಿರಲಿಲ್ಲ. ಕೆಸುವಿನ ಎಲೆ, ತೊಜಂಕಿನ ಸೊಪ್ಪು, ಹಲಸಿನ ಬೀಜಗಳಿಂದ ದಿನ ದೂಡುವ ಕಾಲವೆಂಬ ಅರ್ಥ ಆ ಮಾತಿನಲ್ಲಿ ಸೇರಿತ್ತು. ಗದ್ದೆಯವರಿಗೂ ಅದು ಕಣಜ ಬರಿದಾಗಿ ಹೊಸ ಬೆಳೆ ಇನ್ನೂ ಬಾರದ ನಡುಗಾಲ. ಇದೇ ದಿನಗಳಲ್ಲಿ ಶಾಲೆಗಳೂ ತೆರೆಯುತ್ತವೆ.

ಇಂಥ ಊರಿನಲ್ಲಿ ಒಂದು ಭಂಡಾರ ತೆರೆದರೆ ಅಲ್ಲಿ ಏನಿರಬೇಕು? ಅಕ್ಕಿಯೆಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ಅನ್ನಭಾಗ್ಯ ಯೋಜನೆಯಿಂದ 2013ರಲ್ಲಿ ಕಿಲೋಗೆ ಒಂದು ರೂಪಾಯಿಯಂತೆ, 2015ರಿಂದ ಉಚಿತವಾಗಿ, ಪಡಿತರ ಚೀಟಿಯುಳ್ಳ ಬಡ ಕುಟುಂಬಗಳಿಗೆ ಅಕ್ಕಿ ದೊರೆಯುತ್ತ ಬಂದಿದೆ. ಅನೇಕ ಮನೆಗಳಲ್ಲಿ ಮಳೆಗಾಲದ ಕೊರತೆ ಬೇಳೆಯದು, ತೆಂಗಿನೆಣ್ಣೆಯದು, ಸಾಬೂನಿನದು, ಮಗುವಿನ ಕೊಡೆಯದು, ನೋಟುಪುಸ್ತಕದ್ದು. ಹೊರಜಿಲ್ಲೆಗಳಿಂದಲೋ ಹೊರರಾಜ್ಯಗಳಿಂದಲೋ ದೋಣಿಯ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಬಂದು ಇಲ್ಲಿ ಚೀಟಿಯೇ ಇಲ್ಲದವರಿಗೆ ಅಕ್ಕಿಯೂ ಬೇಕು. ವಿಧಿ, ದ್ರವ್ಯ, ದಾತೃ, ಪಾತ್ರ ಇವುಗಳ ವಿಶೇಷದಿಂದ ದಾನದ ಫಲವು ವಿಶೇಷವಾಗುವುದೆಂದು ಸೂತ್ರಕಾರರು ಹೇಳಿದಾಗ ‘ದ್ರವ್ಯ’ವನ್ನು ನಾವು ಬೆಲೆಬಾಳುವ ವಸ್ತುವೆಂದು ಅರ್ಥಮಾಡಿಕೊಳ್ಳುವ ರೂಢಿಯಿದೆ. ಮುನಿಗಳ ಆಹಾರದಲ್ಲಿ ಅವರ ತಪಸ್ಸಿಗೂ ಸ್ವಾಧ್ಯಾಯಕ್ಕೂ ಪುಷ್ಟಿ ಕೊಡುವಂಥದು ದ್ರವ್ಯವಿಶೇಷ ಎಂಬುದು ವ್ಯಾಖ್ಯಾನ. ಇದರ ತಿರುಳನ್ನು ಗೃಹಸ್ಥರ ನಡುವಣ ಕೊಡುಕೊಳೆಗೆ ಅನ್ವಯಿಸಿದರೆ, ಪಡೆಯುವವನ ಕಾಲಕ್ಕೂ ಅಗತ್ಯಕ್ಕೂ ಹೊಂದುವ ವಸ್ತುವೇ ಒಳ್ಳೆಯ ದ್ರವ್ಯ. ಜೂನ್ ತಿಂಗಳ ತ್ರಾಸಿಯಲ್ಲಿ ಬಳಸಿದ್ದಾದರೂ ಸೋರದ ಒಂದು ಮಳೆಯಂಗಿ, ಜರತಾರಿಯ ಹೊಸ ಸೀರೆಗಿಂತ ಮೇಲು. ಕೊಟ್ಟವನ ಆತ್ಮಕ್ಕೆ ಅದರಿಂದ ಎಷ್ಟು ಲಾಭವಾಯಿತೆಂಬುದು ಅವನ ಲೆಕ್ಕ. ಮಗು ನೆನೆಯದೆ ಶಾಲೆ ಮುಟ್ಟಿತೆಂಬುದು ಬೇರೆಯೇ ಲೆಕ್ಕ.

ಆದ್ದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಬೇಡವಾದುದನ್ನು ಕೊಡುವುದು ಪೂರ್ಣಾರ್ಥದ ದಾನವಲ್ಲ. ಸ್ವೋಪಕಾರದ ಭಾಗ ಅದರಲ್ಲಿ ಬಹುಮಟ್ಟಿಗೆ ಇಲ್ಲ. ಆದರೂ ಅದು ವ್ಯರ್ಥವಲ್ಲ, ಪರೋಪಕಾರದ ಭಾಗ ಅದರಲ್ಲಿದೆ. ಕೊಡುವವರು ಇದನ್ನು ಅರಿತಿದ್ದರೆ ಸಾಕು. ರಸೀದಿಯನ್ನಾಗಲಿ ಫಲಕದಲ್ಲಿ ಹೆಸರನ್ನಾಗಲಿ ನಿರೀಕ್ಷಿಸುವ ಪ್ರಸಂಗ ಬಾರದು. ಪೂರ್ಣದಾನ ಮಾಡಬೇಕೆಂಬ ಶ್ರಾವಕನಿಗೆ ದಾರಿ ತೆರೆದೇ ಇದೆ. ಪರಿಗ್ರಹ ಪರಿಮಾಣದ ಅಣುವ್ರತವನ್ನು ಬಟ್ಟೆಯ ಕಪಾಟಿನವರೆಗೂ ತಂದು, ಇಷ್ಟು ಜೊತೆಗಿಂತ ಹೆಚ್ಚು ಇಟ್ಟುಕೊಳ್ಳೆನೆಂದು ಸಂಖ್ಯೆ ಗೊತ್ತುಮಾಡಿ, ಮೀರಿದುದನ್ನು ಅದಿನ್ನೂ ಚೆನ್ನಾಗಿರುವಾಗಲೇ, ಮನಸ್ಸು ಇನ್ನೂ ಅದರಲ್ಲಿರುವಾಗಲೇ ಕೊಡುವುದು. ಆಗ ಕೊಟ್ಟದ್ದು ನಿಜವಾಗಿ ತನ್ನದು.

ಇನ್ನು ‘ಯಾರು ಬಂದರೂ ಕೊಡಬೇಕೆ’ ಎಂಬ ಪ್ರಶ್ನೆ. ಇದರ ಹಿಂದೆ ಬಾಯಿಬಿಟ್ಟು ಹೇಳದ ಒಂದು ಸಂಕೋಚವಿದೆ. ತ್ರಾಸಿಯಂಥ ಊರಿನಲ್ಲಿ ಭಂಡಾರಕ್ಕೆ ಬರುವವರಲ್ಲಿ ಹೆಚ್ಚಿನವರು ಮೀನು ಹಿಡಿದು ಬದುಕುವವರು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಾವು ಆ ವೃತ್ತಿಗೆ ಒತ್ತಾಸೆಯಾಗಬಹುದೆ? ಈ ಶಂಕೆಯನ್ನು ಹಗುರಾಗಿ ಕಾಣಲಾಗದು. ಹಿಂಸೆಯನ್ನು ಮಾಡುವುದರಂತೆ ಮಾಡಿಸುವುದಕ್ಕೂ ಅನುಮೋದಿಸುವುದಕ್ಕೂ ದೋಷವಿದೆಯೆಂದು ಕಲಿತ ಸಮಾಜಕ್ಕೆ ಇಂಥ ಶಂಕೆ ಬಾರದಿದ್ದರೇ ಆಶ್ಚರ್ಯ.

ಆದರೆ ಆಚಾರ್ಯರು ದಾನವನ್ನು ಒಂದೇ ಅಳತೆಗೋಲಿನಿಂದ ಅಳೆದಿಲ್ಲ. ಜಿನಸೇನರು ಆದಿಪುರಾಣದಲ್ಲಿ ದತ್ತಿಯನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ತಪಸ್ವಿಗಳಿಗೆ ಭಕ್ತಿಯಿಂದ ಕೊಡುವುದು ಪಾತ್ರದತ್ತಿ. ಅಲ್ಲಿ ಪಾತ್ರಾಪಾತ್ರ ವಿಚಾರ ಇದ್ದೇ ಇದೆ. ಸಮಾನ ವ್ರತ ಕ್ರಿಯೆಗಳುಳ್ಳ ಗೃಹಸ್ಥರಿಗೆ ಕೊಡುವುದು ಸಮದತ್ತಿ. ತನ್ನ ವಂಶವನ್ನು ಮುಂದುವರಿಸುವವನಿಗೆ ಸಕಲವನ್ನೂ ಒಪ್ಪಿಸುವುದು ಅನ್ವಯದತ್ತಿ. ಅನುಗ್ರಹಕ್ಕೆ ಯೋಗ್ಯರಾದ ಜೀವಿಗಳ ಭಯವನ್ನು ದಯೆಯಿಂದ ನೀಗಿಸುವುದು ದಯಾದತ್ತಿ. ಈ ಕೊನೆಯದರಲ್ಲಿ ಕುಲ, ವೃತ್ತಿ, ಮತಗಳ ಪರೀಕ್ಷೆಯಿಲ್ಲ; ಪಡೆಯುವವನ ಯೋಗ್ಯತೆಯೆಂದರೆ ಅವನ ಸಂಕಟವೇ. ನಾವು ಮಾಡುವ ತಪ್ಪೆಂದರೆ ಪಾತ್ರದತ್ತಿಯ ನಿಯಮವನ್ನು ತಂದು ದಯಾದತ್ತಿಯ ಬಾಗಿಲಿಗೆ ಕಟ್ಟುವುದು.

ವೃತ್ತಿಯ ಹಿಂಸೆಗೆ ನೆರವಾಗುತ್ತೇವೆಂಬ ವಾದವನ್ನೂ ಕಾರ್ಯಕಾರಣದ ದೃಷ್ಟಿಯಿಂದ ಪರೀಕ್ಷಿಸೋಣ. ಭಂಡಾರದ ಅಗತ್ಯ ತೀವ್ರವಾಗುವುದು ಬಲೆ ದಡದಲ್ಲಿರುವ ಎರಡು ತಿಂಗಳಲ್ಲಿ. ಆಗ ಒಂದು ಮನೆಗೆ ಎರಡು ಕಿಲೋ ಬೇಳೆ, ಒಂದು ಲೀಟರ್ ಎಣ್ಣೆ ಕೊಟ್ಟರೆ ಕಡಲಿನ ಯಾವ ಜೀವಿಯ ಮೇಲೆ ಯಾವ ಹಿಂಸೆ ಹೆಚ್ಚಿತು? ಮಕ್ಕಳ ಹಸಿವಿನ ಭಯ ಕಡಿಮೆಯಾಯಿತೆಂಬುದು ಮಾತ್ರ ನಿಶ್ಚಿತ. ಬಲೆ ಕೊಳ್ಳಲು ಸಾಲ ಕೊಡಿರೆಂದು ಯಾರಾದರೂ ಬಂದರೆ ಅದು ಬೇರೆಯ ಪ್ರಶ್ನೆ, ಅದಕ್ಕೆ ಬೇರೆಯ ಉತ್ತರವಿರಬಹುದು. ಭಂಡಾರದಲ್ಲಿ ಏನನ್ನು ಇಡಬೇಕೆಂದು ನಿರ್ಧರಿಸುವ ಹಕ್ಕು ನಮಗಿದೆ. ಮೊಟ್ಟೆಯನ್ನಾಗಲಿ ಒಣಮೀನನ್ನಾಗಲಿ ನಾವು ಸ್ವೀಕರಿಸುವುದೂ ಇಲ್ಲ, ಹಂಚುವುದೂ ಇಲ್ಲ. ಆದರೆ ಪಡೆಯುವವನ ಅಡುಗೆಮನೆಯ ಮೇಲೆ ಆ ಹಕ್ಕು ಚಾಚದು. ಬೇಳೆ ಕೊಟ್ಟು ಪ್ರತಿಯಾಗಿ ಮಾಂಸತ್ಯಾಗದ ಪ್ರತಿಜ್ಞೆ ಬರೆಸಿಕೊಳ್ಳುವುದನ್ನು ಕೆಲವರು ಧರ್ಮಪ್ರಭಾವನೆ ಎಂದು ತಿಳಿಯುತ್ತಾರೆ. ಹಸಿದವನಿಂದ ಬಂದ ಪ್ರತಿಜ್ಞೆ ವ್ರತವಾಗಲಾರದು. ವ್ರತಕ್ಕೆ ಬೇಕಾದ ಸ್ವಾತಂತ್ರ್ಯವೇ ಅಲ್ಲಿಲ್ಲ.

ನಮ್ಮ ಜಿಲ್ಲೆಗಳಲ್ಲೇ ಇದಕ್ಕೊಂದು ನಿದರ್ಶನವುಂಟು. ಧರ್ಮಸ್ಥಳದಲ್ಲಿ ದೇವರು ಮಂಜುನಾಥ, ಅರ್ಚಕರು ವೈಷ್ಣವರು, ಆಡಳಿತ ಜೈನ ಹೆಗ್ಗಡೆಯವರ ಮನೆತನದ್ದು. ಅನ್ನಪೂರ್ಣ ಛತ್ರದ ಪಂಕ್ತಿಯಲ್ಲಿ ಕುಳಿತವನ ಜಾತಿಯನ್ನೋ ಕಸುಬನ್ನೋ ಯಾರೂ ವಿಚಾರಿಸುವುದಿಲ್ಲ. ಚತುರ್ದಾನವೆಂಬ ನಮ್ಮ ಪರಿಭಾಷೆಯೇ ಅಲ್ಲಿ ನಾಡಿನ ಮಾತಾಗಿ ಬಳಕೆಗೆ ಬಂದಿದೆ.

ಈಗ ಮೂರನೆಯ ಪ್ರಶ್ನೆ, ಹಂಚುವವನದು. ನನಗೆ ಬಹು ಕುತೂಹಲಕರವಾಗಿ ತೋರಿದ್ದು ಇದೇ. ಭಂಡಾರದಲ್ಲಿ ಭಾನುವಾರ ಬಂದು ನಿಲ್ಲುವ ಸ್ವಯಂಸೇವಕನು ಕೊಡುವ ಅಕ್ಕಿ ಅವನದಲ್ಲ, ಬಟ್ಟೆ ಅವನದಲ್ಲ. ಅತಿಥಿಸಂವಿಭಾಗ ವ್ರತಕ್ಕೆ ಸೂತ್ರಕಾರರು ಹೇಳಿದ ಐದು ಅತಿಚಾರಗಳಲ್ಲಿ ‘ಪರವ್ಯಪದೇಶ’ ಎಂಬುದೊಂದಿದೆ. ಪರರ ವಸ್ತುವನ್ನು ಕೊಡುವುದು, ತಾನು ಕೊಡಬೇಕಾದುದನ್ನು ಇನ್ನೊಬ್ಬರ ಹೆಸರಿಗೆ ಹಚ್ಚುವುದು, ಇನ್ನೊಬ್ಬರ ಕೈಯಿಂದ ಕೊಡಿಸಿ ತಾನು ಸರಿಯುವುದು ಎಂದೆಲ್ಲ ಅದನ್ನು ವಿವರಿಸುವುದುಂಟು. ಹಾಗಾದರೆ ಭಂಡಾರವೆಂಬ ಇಡೀ ವ್ಯವಸ್ಥೆಯೇ ಪರವ್ಯಪದೇಶವೆಂದು ಆಕ್ಷೇಪಿಸಬಹುದಲ್ಲವೆ? ಬಟ್ಟೆ ಕೊಟ್ಟವನು ಪಡೆಯುವವನ ಮುಖವನ್ನೇ ನೋಡಲಿಲ್ಲ. ಮುಖ ನೋಡಿದವನು ಏನನ್ನೂ ಕೊಡಲಿಲ್ಲ.

ಇದಕ್ಕೆ ಸಮಾಧಾನ ದಾನದ ವ್ಯಾಖ್ಯೆಯಲ್ಲೇ ಇದೆ. ಸ್ವಯಂಸೇವಕನ ಸ್ವಂತದ್ದು ಅವನ ಬಿಡುವಿನ ಹೊತ್ತು ಮತ್ತು ಮೈಬೆವರು. ಮೂಟೆ ಬಿಚ್ಚಿ, ಗುಂಡಿ ಕಿತ್ತ ಅಂಗಿಗೆ ಗುಂಡಿ ಹೊಲಿದು, ಒಗೆದು ಮಡಿಸಿ, ಅಳತೆಯ ಪ್ರಕಾರ ಜೋಡಿಸಿಟ್ಟ ಮೂರು ತಾಸು ಅವನದು. ಅಕ್ಕಿಯನ್ನು ತನ್ನದೆಂಬ ಠೀವಿಯಿಂದ ಕೊಟ್ಟರೆ ಪರವ್ಯಪದೇಶದ ದೋಷ ತಟ್ಟೀತು. ತನ್ನ ಹೊತ್ತನ್ನಷ್ಟೇ ತಾನು ಕೊಡುತ್ತಿದ್ದೇನೆಂದು ಅರಿತವನಿಗೆ ಅದು ತಟ್ಟದು. ಇದನ್ನು ವೈಯಾವೃತ್ತ್ಯವೆಂದು ಕರೆಯುವ ಉತ್ಸಾಹ ಈಚೆಗೆ ಹಲವರಲ್ಲಿ ಕಾಣುತ್ತದೆ. ಆ ಶಬ್ದ ಆಭ್ಯಂತರ ತಪಸ್ಸುಗಳಲ್ಲಿ ಒಂದಕ್ಕೆ ಮೀಸಲಾದದ್ದು, ಮುಖ್ಯವಾಗಿ ಸಂಯಮಿಗಳ ಸೇವೆಗೆ ಸಂಬಂಧಿಸಿದ್ದು. ಅದನ್ನು ಎಲ್ಲ ಸಮಾಜಸೇವೆಗೂ ಹಿಗ್ಗಿಸುವುದು ಪರಿಭಾಷೆಗೆ ಮಾಡುವ ಅನ್ಯಾಯ. ಆದರೂ ಆಚಾರ್ಯ ಸಮಂತಭದ್ರರು ರತ್ನಕರಂಡಕದಲ್ಲಿ ಗೃಹಸ್ಥನ ಶಿಕ್ಷಾವ್ರತವಾಗಿ ವೈಯಾವೃತ್ತ್ಯವನ್ನು ಹೇಳುವಾಗ ಆಹಾರ, ಔಷಧಗಳ ಜೊತೆಗೆ ಉಪಕರಣ, ಆವಾಸಗಳನ್ನು ಸೇರಿಸಿದ್ದಾರೆಂಬುದನ್ನು ಮರೆಯಲಾಗದು. ಅನ್ನದಷ್ಟೇ ಒಂದು ಬಳಕೆಯ ಸಾಮಾನೂ ಬದುಕಿಗೆ ಆಧಾರವೆಂಬ ವಿವೇಕ ಅದರಲ್ಲಿದೆ. ಕುಕ್ಕರಿನ ಬಿರಿದ ರಬ್ಬರನ್ನು ಬದಲಿಸಿ ಕೊಟ್ಟವನಿಗೆ ಆ ಸಾಲು ಅರ್ಥವಾದೀತು.

ಅದೇ ಗ್ರಂಥದಲ್ಲಿ ಈ ವ್ರತದ ಅತಿಚಾರಗಳಾಗಿ ಅನಾದರ, ಅಸ್ಮರಣ, ಮಾತ್ಸರ್ಯಗಳು ಬರುತ್ತವೆ; ತತ್ತ್ವಾರ್ಥಸೂತ್ರದ ಪಟ್ಟಿಯಲ್ಲಿ ಕಾಲಾತಿಕ್ರಮವೂ ಸೇರಿದೆ. ಮುನಿಗಳ ಆಹಾರವೇಳೆಯನ್ನು ಮೀರಿಸುವುದು ಕಾಲಾತಿಕ್ರಮವೆಂದು ಓದಿದ್ದ ನಮಗೆ, ಬಳಕೆಯ ಅವಧಿ ಮುಗಿದ ಬಿಸ್ಕತ್ತಿನ ಪೊಟ್ಟಣ ಅದರ ಇನ್ನೊಂದು ರೂಪವೆಂದು ತೋರಬೇಡವೆ? ಮನೆಯಲ್ಲಿ ನಾವು ತಿನ್ನಲು ಹಿಂಜರಿಯುವುದನ್ನು ಭಂಡಾರದ ಪೆಟ್ಟಿಗೆಗೆ ಹಾಕುವ ಚಾಳಿ ಎಲ್ಲ ಕಡೆಯೂ ಇದೆ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ 1967ರಲ್ಲಿ ಆರಂಭವಾದ ಸೇಂಟ್ ಮೇರೀಸ್ ಆಹಾರ ಭಂಡಾರವನ್ನು ಜಗತ್ತಿನ ಮೊದಲನೆಯದೆಂದು ಹೇಳುತ್ತಾರೆ; ಅಂಗಡಿಗಳು ಮಾರಲಾಗದೆ ಎಸೆಯುತ್ತಿದ್ದ, ಆದರೆ ತಿನ್ನಲು ಯೋಗ್ಯವಾಗಿದ್ದ ಆಹಾರವನ್ನು ಸಂಗ್ರಹಿಸುವುದರಿಂದ ಅದು ಬೆಳೆಯಿತು. ಎಸೆಯುವುದಕ್ಕೂ ಕೊಡುವುದಕ್ಕೂ ನಡುವಿನ ಗೆರೆ ಬಹಳ ಸಣ್ಣದು. ಆ ಗೆರೆಯನ್ನು ಕಾಯುವವನು ಮೂಟೆ ಬಿಚ್ಚುವ ಸ್ವಯಂಸೇವಕನೇ. ಹರಿದದ್ದನ್ನು, ಹಳಸಿದ್ದನ್ನು ತಂದವರಿಗೇ ನಯವಾಗಿ ಹಿಂದಿರುಗಿಸುವ ಧೈರ್ಯ ಅವನಿಗಿರಬೇಕು. ತಂದವರು ಟ್ರಸ್ಟಿನ ಸದಸ್ಯರಾದರೂ ಸರಿಯೆ.

ಅನಾದರದ ಬಗೆಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಅದು ಕಣ್ಣಿಗೆ ಬೀಳದೆ ನುಸುಳುತ್ತದೆ. ಮುನಿಗಳಿಗೆ ಆಹಾರ ಕೊಡುವಾಗ ನವಧಾಭಕ್ತಿಯಿಂದ ಎದುರ್ಗೊಳ್ಳುತ್ತೇವೆ, ಉಚ್ಚಾಸನ ಕೊಡುತ್ತೇವೆ. ಅದನ್ನು ಭಂಡಾರದಲ್ಲಿ ಆಚರಿಸಬೇಕೆಂದು ಯಾರೂ ಹೇಳರು. ಆದರೆ ಮಳೆಯಲ್ಲಿ ನೆನೆದು ಬಂದವಳಿಗೆ ಕೂರಲೊಂದು ಬೆಂಚು, ಕುಡಿಯಲೊಂದು ಲೋಟ ಬಿಸಿನೀರು, ‘ಬನ್ನಿ’ ಎಂಬ ಬಹುವಚನ? ಚೀಲವನ್ನು ಅವಳ ಕೈಗಿಟ್ಟು ಚಿತ್ರ ತೆಗೆದು ಮೊಬೈಲಿನ ಗುಂಪುಗಳಿಗೆ ಕಳಿಸುವ ಪದ್ಧತಿಯನ್ನು ನಾನು ಅನಾದರದ ಪರಾಕಾಷ್ಠೆ ಎನ್ನುತ್ತೇನೆ. ವರದಿಗೆ ಚಿತ್ರ ಬೇಕಾದರೆ ಚೀಲದ ಚಿತ್ರ ಸಾಕು.

ಹದಿಮೂರನೆಯ ಶತಮಾನದ ಮಧ್ಯಭಾಗದಲ್ಲಿ ಗುಜರಾತದಲ್ಲಿ ಘೋರ ಕ್ಷಾಮ ಬಂದಾಗ ಕಚ್ಛದ ಭದ್ರೇಶ್ವರದ ಜೈನ ವರ್ತಕ ಜಗಡೂಶಾ ತನ್ನ ಕಣಜಗಳನ್ನು ತೆರೆದ ಕಥೆ ಸರ್ವಾನಂದನ ಜಗಡೂಚರಿತದಲ್ಲಿ ಬರುತ್ತದೆ. ಮುಂದೆ ಬರಲಿರುವ ಬರವನ್ನು ಮೊದಲೇ ತಿಳಿದು ಧಾನ್ಯ ಕೂಡಿಟ್ಟ ಅವನು, ಆ ಕಣಜಗಳು ಬಡವರಿಗಾಗಿಯೇ ಎಂದು ಬರೆಸಿಟ್ಟಿದ್ದನಂತೆ. ರಾಜನು ಕೇಳಿದಾಗ ತೋರಿಸಿದ್ದು ಆ ಬರಹವನ್ನು. ಆದರೆ ಇಲ್ಲಿ ಮುಖ್ಯವಾದದ್ದು ‘ಲಜ್ಜಾಪಿಂಡ’. ದಾನಶಾಲೆಯ ಸಾಲಿನಲ್ಲಿ ಬಂದು ನಿಲ್ಲಲು ನಾಚುವ ಮರ್ಯಾದಸ್ಥ ಮನೆಗಳಿಗಾಗಿ ಸಿಹಿಯುಂಡೆಗಳೊಳಗೆ ಹೊನ್ನಿನ ನಾಣ್ಯವಿರಿಸಿ ರಾತ್ರಿಯ ವೇಳೆ ಮುಟ್ಟಿಸುತ್ತಿದ್ದನೆಂದು ಕವಿ ಹೇಳುತ್ತಾನೆ. ಕಾವ್ಯದ ಅತಿಶಯವನ್ನು ಕಳೆದು ನೋಡಿದರೂ, ಕೇಳಲಾರದವನ ಹಸಿವು ಕೇಳುವವನ ಹಸಿವಿಗಿಂತ ಬೇರೆ ಬಗೆಯದೆಂದು ಏಳುನೂರೈವತ್ತು ವರ್ಷಗಳ ಹಿಂದೆಯೇ ನಮ್ಮವರು ಗುರುತಿಸಿದ್ದರೆಂಬುದು ಸ್ಪಷ್ಟ. ತ್ರಾಸಿಯಲ್ಲೂ ಸಾಲಿಗೆ ಬಾರದ ಮನೆಗಳಿರುತ್ತವೆ: ಮಗ ಊರು ಬಿಟ್ಟು ಸುದ್ದಿಯಿಲ್ಲದ ವೃದ್ಧೆ, ಒಂದು ಕಾಲದಲ್ಲಿ ಅಂಗಡಿ ಇಟ್ಟಿದ್ದ ಗೃಹಸ್ಥ. ನಮ್ಮ ಸಮಾಜದ ಮನೆಗಳೂ ಅದರಲ್ಲಿ ಇರಬಹುದು. ಅಂಥವರು ತಮ್ಮವರ ಬಸದಿಯ ಬಾಗಿಲಿಗೆ ಬರಲು ಇನ್ನೂ ಹೆಚ್ಚು ನಾಚುತ್ತಾರೆ.

ಬಟ್ಟೆಯ ಅಂಗಡಿಯಲ್ಲಿ ಬೆಲೆ ಇಡಬೇಕೆ ಎಂಬ ಚರ್ಚೆಗೂ ಈ ಲಜ್ಜೆಯೇ ಕೀಲಿಕೈ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಬಳಿ ಮಂಗಳೂರಿನ ಕಾಲೇಜೊಂದರಲ್ಲಿ ಓದಿದ ಗೆಳೆಯರು 2021ರಲ್ಲಿ ಇಮ್ಯಾಜಿನ್ ಕ್ಲೋತ್ಸ್ ಬ್ಯಾಂಕ್ ಎಂಬ ಅಂಗಡಿಯನ್ನು ತೆರೆದರು. ಭಾನುವಾರಗಳಲ್ಲಿ ತೆರೆಯುವ ಆ ಅಂಗಡಿಯಲ್ಲಿ ಯಾವ ಬಟ್ಟೆಯನ್ನು ತೆಗೆದುಕೊಂಡರೂ ಬೆಲೆ ಒಂದು ರೂಪಾಯಿ. ಒಂದು ರೂಪಾಯಿಯಿಂದ ಅಂಗಡಿ ನಡೆಯದೆಂಬುದು ಎಲ್ಲರಿಗೂ ಗೊತ್ತು. ಆದರೆ ರೂಪಾಯಿ ಕೊಟ್ಟವನು ಗಿರಾಕಿ. ಅವನು ಎತ್ತಿ ನೋಡಬಹುದು, ಬಣ್ಣ ಹಿಡಿಸಲಿಲ್ಲವೆಂದು ಹಿಂದಿಡಬಹುದು, ಚೌಕಾಸಿಯನ್ನೂ ಮಾಡಬಹುದು. 1902ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿ ಗುಡ್‌ವಿಲ್ ಸಂಸ್ಥೆಯನ್ನು ಕಟ್ಟಿದಾಗ ಹಳೆಯ ಬಟ್ಟೆಯನ್ನು ಹಂಚುವುದಕ್ಕೆ ಬದಲಾಗಿ ಬಡವರಿಗೇ ದುರಸ್ತಿಯ ಕೆಲಸ ಕೊಟ್ಟು, ಕೂಲಿ ಕೊಟ್ಟು, ದುರಸ್ತಿಯಾದುದನ್ನು ಅಗ್ಗಕ್ಕೆ ಮಾರಿದ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಬ್ರಾಡ್ ಸ್ಟ್ರೀಟಿನಲ್ಲಿ 1940ರ ದಶಕದ ಕೊನೆಗೆ ಆರಂಭವಾದ ಆಕ್ಸ್‌ಫ್ಯಾಮ್ ಅಂಗಡಿಯ ಗುರಿ ಬೇರೆ. ಅಲ್ಲಿ ಉಳ್ಳವರೇ ಹಳೆಯದನ್ನು ಕೊಂಡು, ಆ ಹಣ ದೂರದ ಸಂತ್ರಸ್ತರಿಗೆ ಹೋಗುತ್ತಿತ್ತು. ನಮ್ಮ ದೇಶದಲ್ಲಿ 1999ರಲ್ಲಿ ಹುಟ್ಟಿದ ಗೂಂಜ್ ಸಂಸ್ಥೆ ಇನ್ನೊಂದು ದಾರಿ ಹಿಡಿದಿದೆ: ಹಳ್ಳಿಯವರು ತಮ್ಮ ಊರಿನ ಬಾವಿಯನ್ನೋ ದಾರಿಯನ್ನೋ ತಾವೇ ಸರಿಪಡಿಸಿಕೊಂಡಾಗ ಅದಕ್ಕೆ ಗೌರವವಾಗಿ ಬಟ್ಟೆ ಕೊಡುವುದು. ಅದರ ಸ್ಥಾಪಕ ಅಂಶು ಗುಪ್ತರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ನನ್ನ ಮಟ್ಟಿಗೆ ಹೇಳುವುದಾದರೆ, ಬಟ್ಟೆಗೂ ಸಾಮಾನಿಗೂ ಅಲ್ಪ ಬೆಲೆ ಇಡುವುದೇ ಲೇಸು, ಅನ್ನಕ್ಕೆ ಇಡಬಾರದು. ಬಟ್ಟೆಯಲ್ಲಿ ಆಯ್ಕೆಯಿದೆ, ಆಯ್ಕೆಯ ಜೊತೆಗೆ ಮಾನವಿದೆ. ಹಸಿವಿನ ಮುಂದೆ ರೂಪಾಯಿಯ ಮಾತು ಆಡಿದರೆ ಅದಿಲ್ಲದವನು ಬಾಗಿಲಲ್ಲೇ ತಿರುಗಿ ಹೋಗುತ್ತಾನೆ. ಸರಕಾರದ ಇಂದಿರಾ ಕ್ಯಾಂಟೀನುಗಳು 2017ರಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟವೆಂದು ಆರಂಭವಾದವು. ದುಡಿಮೆ ಇರುವ ಪಟ್ಟಣದ ಕೂಲಿಕಾರನಿಗೆ ಅದು ಒಪ್ಪುವ ಮಾತು. ಆಸಾಡಿಯ ಕರಾವಳಿಗೆ ಒಪ್ಪದು. ಈ ಭೇದವನ್ನು ಒಪ್ಪದ ಮಿತ್ರರಿದ್ದಾರೆ. ಪುಕ್ಕಟೆ ಅನ್ನ ಸೋಮಾರಿತನ ಬೆಳೆಸುತ್ತದೆಂಬುದು ಅವರ ವಾದ. ಎರಡು ಕಿಲೋ ಬೇಳೆಯಿಂದ ಸೋಮಾರಿಯಾಗಬಲ್ಲವನನ್ನು ನಾನಿನ್ನೂ ಕಂಡಿಲ್ಲ.

ಟ್ರಸ್ಟುಗಳವರಿಗೆ ಒಂದು ಮಾತು. ಪೂಜೆಯಲ್ಲಿ ಅರ್ಪಿತವಾದ ದ್ರವ್ಯ ನಿರ್ಮಾಲ್ಯ. ಶ್ರಾವಕನು ಅದನ್ನು ತನ್ನ ಉಪಯೋಗಕ್ಕೆ ತೆಗೆದುಕೊಳ್ಳುವುದನ್ನು ನಮ್ಮ ಆಮ್ನಾಯ ನಿಷೇಧಿಸುತ್ತದೆ. ಅಕ್ಕಿ ಸಾಕಷ್ಟು ಸೇರುವ ಬಸದಿಗಳಲ್ಲಿ ಅದನ್ನೇ ಭಂಡಾರಕ್ಕೆ ವರ್ಗಾಯಿಸಿದರೆ ಖರ್ಚು ಉಳಿಯಿತಲ್ಲವೆ ಎಂಬ ಸಲಹೆ ಬರಬಹುದು. ನಾವು ತಿನ್ನಬಾರದೆಂದು ನಂಬಿದುದನ್ನು ಇನ್ನೊಬ್ಬರ ತಟ್ಟೆಗೆ ಬಡಿಸುವುದು ಹೇಗೆ ಸರಿಯಾದೀತೆಂದು ಮೊದಲು ಕೇಳಿಕೊಳ್ಳಬೇಕು. ಭಂಡಾರದ ಧಾನ್ಯ ಭಂಡಾರಕ್ಕೆಂದೇ ಬರಲಿ. ಬಟ್ಟೆಯಂಗಡಿಯ ರೂಪಾಯಿಗಳೂ ದೇವದ್ರವ್ಯದೊಡನೆ ಬೆರೆಯದೆ ಬೇರೆ ಪುಸ್ತಕದಲ್ಲಿರಲಿ. ಅದರಿಂದ ಸೂಜಿ, ದಾರ, ಗುಂಡಿ, ಸಾಬೂನುಗಳ ಖರ್ಚು ನಡೆದೀತು. ಮಾತ್ಸರ್ಯವೆಂಬ ಅತಿಚಾರ ಸಂಸ್ಥೆಗಳಿಗೂ ಉಂಟು. ಊರಿನ ಬೇರೊಂದು ದೇವಸ್ಥಾನವೋ ಚರ್ಚೋ ಸಂಘವೋ ಆಗಲೇ ಇಂಥ ಕೆಲಸ ನಡೆಸುತ್ತಿದ್ದರೆ ಪಕ್ಕದಲ್ಲೇ ಇನ್ನೊಂದು ಫಲಕ ತೂಗುಹಾಕುವ ಅಗತ್ಯವಿಲ್ಲ. ನಮ್ಮವರು ಅಲ್ಲಿಗೇ ಹೋಗಿ ಮೂಟೆ ಬಿಚ್ಚಬಹುದು.

ಅಸ್ಮರಣವೆಂದರೆ ಮರೆವು. ಮಹಾವೀರ ಜಯಂತಿಯಂದು ಉತ್ಸಾಹದಿಂದ ಆರಂಭವಾಗಿ ಶ್ರಾವಣದ ಹೊತ್ತಿಗೆ ಬೀಗ ಬಿದ್ದ ಕೋಣೆಗಳು ಎಷ್ಟಿಲ್ಲ? ವಿದೇಶಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳ ಮಕ್ಕಳು ಅಲ್ಲಿನ ಭಂಡಾರಗಳಲ್ಲಿ ಇಷ್ಟು ತಾಸು ಸೇವೆ ಮಾಡಿ ಶಾಲೆಗೆ ಪ್ರಮಾಣಪತ್ರ ಒಯ್ಯುತ್ತಾರೆಂದು ಕೇಳಿ ಕೆಲವರು ಮೂಗು ಮುರಿಯುತ್ತಾರೆ. ಪತ್ರಕ್ಕಾಗಿಯೇ ಬಂದರೂ ನಿಗದಿಯಾದ ದಿನ ನಿಗದಿಯಾದ ಹೊತ್ತಿಗೆ ಬಂದ ಹುಡುಗ, ವರ್ಷಕ್ಕೊಮ್ಮೆ ಭಾಷಣ ಮಾಡಿ ಹೋಗುವ ಗಣ್ಯರಿಗಿಂತ ಭಂಡಾರಕ್ಕೆ ಹೆಚ್ಚು ಉಪಯುಕ್ತ. ಅವನ ಭಾವ ಶುದ್ಧಿಯಾಗುವುದು ಅವನ ಕೆಲಸ, ಅದಕ್ಕೆ ಕಾಲವಿದೆ.

ಕೊನೆಯದಾಗಿ ಕರಾವಳಿಗೇ ವಿಶಿಷ್ಟವಾದ ಒಂದು ತೊಡಕು, ಇದನ್ನು ಯಾವ ಪುಸ್ತಕವೂ ನಮಗಾಗಿ ಬಿಡಿಸಿಲ್ಲ. ಅಗತ್ಯ ಹೆಚ್ಚಿರುವ ಮಳೆಗಾಲದಲ್ಲೇ ಸಂಗ್ರಹ ಕೆಡುವುದು. ಜೂನ್ ಬಂತೆಂದರೆ ಮಡಿಸಿಟ್ಟ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ, ಬೇಳೆಯಲ್ಲಿ ಹುಳು ಕಾಣಿಸುತ್ತದೆ. ಧಾನ್ಯದ ವ್ಯಾಪಾರಿ ವಿಷದ ಮಾತ್ರೆ ಇಟ್ಟು ನಿಶ್ಚಿಂತನಾಗುತ್ತಾನೆ. ಜೈನರ ಭಂಡಾರಕ್ಕೆ ಆ ದಾರಿಯಿಲ್ಲ. ಒಬ್ಬರ ಹಸಿವು ನೀಗಿಸಲು ಕೂಡಿಟ್ಟ ಮೂಟೆಯಲ್ಲೇ ಅಸಂಖ್ಯ ತ್ರಸಜೀವಿಗಳು ಹುಟ್ಟಿ ಸಾಯುವಂತಾದರೆ ಅದರ ಹೊಣೆ ಕೂಡಿಟ್ಟವರದು. ಹೀಗಾಗಿ ದೊಡ್ಡ ಸಂಗ್ರಹದ ಆಸೆಯನ್ನೇ ಬಿಡಬೇಕಾಗುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಧಾನ್ಯವನ್ನು ಗಾಳಿಯಾಡದ ಡಬ್ಬಿಗಳಲ್ಲಿ, ಹದಿನೈದು ದಿನಕ್ಕೆ ಸಾಲುವಷ್ಟು ಮಾತ್ರ ಇಡುವುದು. ಉಳಿದುದಕ್ಕೆ ದಾನಿಗಳಿಂದ ಧಾನ್ಯದ ಬದಲು ವಾಗ್ದಾನ ಪಡೆದು, ಬೇಕಾದಾಗ ಕುಂದಾಪುರದ ಪೇಟೆಯಿಂದ ತರಿಸುವುದು. ಬಟ್ಟೆಯನ್ನು ಮಳೆಗೆ ಮೊದಲೇ ಹಂಚಿ ಮುಗಿಸಿ, ಜೂನ್‌ನಿಂದ ಆಗಸ್ಟ್‌ವರೆಗೆ ಹೊಸ ಮೂಟೆಗಳನ್ನು ಸ್ವೀಕರಿಸದಿರುವುದು, ಕೊಡೆ ಮಳೆಯಂಗಿಗಳನ್ನು ಬಿಟ್ಟು. ಡಬ್ಬಿಗಳನ್ನು ವಾರಕ್ಕೆರಡು ಸಲ ಬೆಳಕಿನಲ್ಲಿ ತೆರೆದು ನೋಡುವವರು ಯಾರೆಂದು ಹೆಸರು ಬರೆದು ಗೋಡೆಗೆ ಅಂಟಿಸಬೇಕು.